ನನಗೆ ಏರೋದೇ ಇಲ್ಲ

"ನನಗೆ ಏರೋದೇ ಇಲ್ಲ ಕಣ್ರೋ."

ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಆಡುವಾಗ ಎದೆ ಒಂದಿಂಚು ಮುಂದೆ ಬರುತ್ತಿತ್ತು. ಗುಂಡು ಹಾಕುವ ಗುಂಪಿನಲ್ಲಿ ಎರಡನೇ ಗ್ಲಾಸಿಗೇ ತೊದಲುವವನಿಗೆ ಅಡ್ಡಹೆಸರು ಬೀಳುತ್ತದೆ, ಐದು ಹಾಕಿಯೂ ನೆಟ್ಟಗೆ ನಡೆಯುವವನಿಗೆ ಬಿರುದು ಸಿಗುತ್ತದೆ. ನನಗೆ ಸಿಕ್ಕಿದ್ದು ಬಿರುದು. "ಇವನ ಕೆಪಾಸಿಟಿನೇ ಬೇರೆ ಬಿಡಪ್ಪ" ಅಂತ ಯಾರಾದರೂ ಅಂದರೆ ಪರೀಕ್ಷೆಯಲ್ಲಿ ರ‍್ಯಾಂಕ್ ಬಂದಷ್ಟು ಖುಷಿ.

ಈ ಕೆಪಾಸಿಟಿ ಅಂದರೆ ಏನೆಂದು ತಿಳಿದದ್ದು ಬಹಳ ತಡವಾಗಿ. ಮೇಲಿಂದ ಮೇಲೆ ಕುಡಿಯುವವನ ಮಿದುಳು ಮದ್ಯಕ್ಕೆ ಒಗ್ಗಿಹೋಗುತ್ತದೆ, ಅಷ್ಟೇ ಕುಡಿದರೂ ಮೊದಲಿನಷ್ಟು ತೂರಾಡುವುದಿಲ್ಲ. ರಕ್ತಕ್ಕೆ ಇಳಿದ ಮದ್ಯವೇನೂ ಇದರಿಂದ ಕಡಿಮೆಯಾಗುವುದಿಲ್ಲ, ಲಿವರಿನ ಹೊರೆಯೂ ಇಳಿಯುವುದಿಲ್ಲ. ಎರಡಕ್ಕೇ ತಲೆ ತಿರುಗಿ "ಸಾಕಪ್ಪ" ಅನ್ನುವವನ ಗಂಟೆ ಸರಿಯಾಗಿ ಬಾರಿಸುತ್ತಿದೆ ಅಂತ ಅರ್ಥ. ನಾನು ನನ್ನ ಗಂಟೆಯ ನಾಲಿಗೆಯನ್ನೇ ಕಿತ್ತಿಟ್ಟು, ಆ ಮೌನವನ್ನು ಗಟ್ಟಿತನ ಅಂದುಕೊಂಡಿದ್ದೆ.

ಆ ರಾತ್ರಿ ನನಗೆ 27 ವರ್ಷ. ಒಂದೂವರೆ ವರ್ಷದ ಮೇಲೆ ಕಾಲೇಜಿನ ಗೆಳೆಯರು ಒಟ್ಟಿಗೆ ಸೇರಿದ್ದೆವು. ನನ್ನನ್ನೂ ಸೇರಿಸಿ ನಾಲ್ವರು. ಒಬ್ಬನ ಮನೆಯವರು ಊರಿಗೆ ಹೋಗಿದ್ದರು, ಜಾಗ ಅಲ್ಲೇ ಗೊತ್ತಾಯಿತು. ನಾಲ್ವರಲ್ಲಿ ಒಬ್ಬ ಕುಡಿಯುವುದೇ ಇಲ್ಲ, ಸೋಡಾ ಇಟ್ಟುಕೊಂಡು ಕೂರುತ್ತಾನೆ. ಅವನನ್ನು ಛೇಡಿಸುವುದು ನಮ್ಮ ಮಾಮೂಲಿ ಕಾರ್ಯಕ್ರಮ, ಅದರಲ್ಲಿ ಮುಂದಾಳು ನಾನು.

ಆಫೀಸಿನಿಂದ ನೇರ ಬಂದಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ಮಾಡಿದ ಊಟವೇ ಕೊನೆ. ಎಂಟು ಗಂಟೆಗೆ ಒಂದು ಸ್ಟ್ರಾಂಗ್ ಬಿಯರ್ ಬಾಟಲಿ ಎತ್ತಿದೆ. ದೊಡ್ಡದು, 650 ಎಂಎಲ್. ಬಾಯಾರಿಕೆಗೆ ಅಂತ ಕುಡಿದದ್ದು, ಹಾಗಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ನಮ್ಮಲ್ಲಿ ಬಿಯರನ್ನು ಯಾರೂ ಕುಡಿತ ಅನ್ನುತ್ತಿರಲಿಲ್ಲ. ಮುಕ್ಕಾಲು ಗಂಟೆಗೆ ಅದು ಮುಗಿದು ಮೈ ಹಗುರಾಗಿ ಮಾತಿಗೆ ಹುರುಪು ಬಂದಿತ್ತು. ಆಮೇಲೆ ವಿಸ್ಕಿ ಶುರು. ಮನೆಯವನೇ ಸುರಿಯುತ್ತಿದ್ದ. ಅಳತೆ ಗಿಳತೆ ಏನಿಲ್ಲ, ಗ್ಲಾಸಿನ ಪಕ್ಕಕ್ಕೆ ಬೆರಳಿಟ್ಟು ಅಂದಾಜು. "ಊಟ ಮಾಡ್ರೋ" ಅಂತ ಸೋಡಾದವನು ಎರಡು ಸಲ ಹೇಳಿದ. "ಈಗ ಉಂಡ್ರೆ ಕಿಕ್ಕೆಲ್ಲ ಇಳಿದುಹೋಗುತ್ತೆ, ಸುಮ್ನಿರೋ" ಅಂದವನು ನಾನೇ.

ಊಟ ಏರಿದ ಕಿಕ್ಕನ್ನು ಇಳಿಸುವುದಿಲ್ಲ, ಏರಬೇಕಾದದ್ದನ್ನು ತಡೆದು ತಡೆದು ಬಿಡುತ್ತದೆ. ಮದ್ಯದ ಬಹುಪಾಲು ರಕ್ತ ಸೇರುವುದು ಸಣ್ಣಕರುಳಿನಲ್ಲಿ. ಹೊಟ್ಟೆಯಲ್ಲಿ ಅನ್ನವಿದ್ದರೆ ಅದು ಕುಡಿದದ್ದನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡು ನಿಧಾನಕ್ಕೆ ಕೆಳಗೆ ಕಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಕಾಯುವವರು ಯಾರೂ ಇಲ್ಲ. ಹಾಗಂತ ಕುಡಿದ ಕೂಡಲೇ ಏರುವುದೂ ಇಲ್ಲ. ಪೂರ್ತಿ ಏರುವುದಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ನಾನು ಮಾಡಿದ ತಪ್ಪು ಈ ನಡುವಿನ ಸಮಯದಲ್ಲಿದೆ. ಮೊದಲ ಗ್ಲಾಸು ಇನ್ನೂ ದಾರಿಯಲ್ಲಿರುವಾಗಲೇ "ಏನೂ ಆಗ್ಲಿಲ್ಲ" ಅಂತ ಎರಡನೆಯದು, ಅದು ಬರುವ ಮೊದಲೇ ಮೂರನೆಯದು. ಹತ್ತು ಗಂಟೆ ಹೊಡೆಯುವಷ್ಟರಲ್ಲಿ ಮೂರೂ ಒಟ್ಟಿಗೆ ಬಾಗಿಲು ತಟ್ಟಿರಬೇಕು.

ತಟ್ಟಿರಬೇಕು ಅಂತ ಯಾಕೆ ಅನ್ನುತ್ತೇನೆ ಅಂದರೆ ನನಗೆ ಗೊತ್ತಿಲ್ಲ. ನನ್ನ ಕೊನೆಯ ನೆನಪು ಇದು: ಗ್ಲಾಸನ್ನು ಟೇಬಲ್ಲಿನ ಮೇಲೆ ಇಡಲು ಹೋಗುತ್ತೇನೆ, ಟೇಬಲ್ಲು ನಾನು ಅಂದುಕೊಂಡದ್ದಕ್ಕಿಂತ ಸ್ವಲ್ಪ ಕೆಳಗಿದೆ. ಅದರ ಮುಂದಿನ ಚಿತ್ರವೇ ಬೆಳಗಿನ ಬಿಸಿಲು. ನಾನು ಮಗ್ಗುಲಾಗಿ ಮಲಗಿದ್ದೇನೆ, ಬೆನ್ನಿಗೆ ಎರಡು ದಿಂಬು ಒತ್ತಿಟ್ಟಿದ್ದಾರೆ, ಮುಖದ ಪಕ್ಕ ಬಕೆಟ್ಟು. ಮೈಮೇಲೆ ಇರುವ ಅಂಗಿ ನನ್ನದಲ್ಲ.

ಆಗ ಏಳೂವರೆ. ಎದ್ದು ಮುಖ ತೊಳೆದೆ. ತಲೆ ಸಿಡಿಯುತ್ತಿತ್ತು, ಬಾಯಿ ಒಣಗಿ ಹಲಗೆಯಾಗಿತ್ತು. ಆದರೂ ನಿದ್ದೆ ಆಗಿದೆಯಲ್ಲ, ಎಲ್ಲ ಇಳಿದಿದೆ ಅನ್ನಿಸಿ ಬೈಕಿನ ಕೀಲಿ ಹುಡುಕತೊಡಗಿದೆ. ಸೋಡಾದವನು ಕುರ್ಚಿಯಲ್ಲಿ ಕೂತಿದ್ದ, ಕಣ್ಣು ಕೆಂಪಾಗಿದ್ದವು.

"ಕೀಲಿ ನನ್ನ ಹತ್ರ ಇದೆ. ಕೊಡಲ್ಲ."

"ಯಾಕೋ? ನಾನು ಸರಿಯಾಗೇ ಇದೀನಲ್ಲ."

"ನಿನ್ನೆನೂ ಇದನ್ನೇ ಹೇಳ್ತಿದ್ದೆ. ಸಂಜೆ ಕೊಡ್ತೀನಿ, ಮಲ್ಕೋ ಹೋಗು."

ಸಿಟ್ಟು ಬಂತು. ಆಮೇಲೆ ಯಾವತ್ತೋ ಕೂತು ಲೆಕ್ಕ ಹಾಕಿದಾಗ ಸಿಟ್ಟು ಹೋಗಿ ಬೆವರು ಬಂತು. ಆ ಬಿಯರಿನಲ್ಲಿ ಮದ್ಯ ಶೇಕಡಾ 8. 650 ಎಂಎಲ್ ಬಾಟಲಿಯಲ್ಲಿ ಅಪ್ಪಟ ಮದ್ಯ 52 ಎಂಎಲ್, ತೂಕದಲ್ಲಿ ಸುಮಾರು 41 ಗ್ರಾಂ. ವಿಸ್ಕಿ ಶೇಕಡಾ 42.8ರದ್ದು, ಅದರ ಒಂದು ಲಾರ್ಜ್ ಪೆಗ್ಗಿನಲ್ಲಿ, ಅಂದರೆ 60 ಎಂಎಲ್‌ನಲ್ಲಿ ಸುಮಾರು 20 ಗ್ರಾಂ. ಅಂದರೆ ನಾನು ಲೆಕ್ಕಕ್ಕೇ ಹಿಡಿಯದ ಬಿಯರು ಎರಡು ಲಾರ್ಜ್ ಪೆಗ್ಗಿಗೆ ಸಮ. ಇನ್ನು ಬೆರಳಳತೆಯ ಕಥೆ. ಮನೆಯವನ ಹತ್ತಿರ ಅದೇ ಗ್ಲಾಸಿಗೆ ಅದೇ ಅಂದಾಜಿನಲ್ಲಿ ನೀರು ಸುರಿಸಿ, ಔಷಧಿ ಬಾಟಲಿಯ ಮುಚ್ಚಳದಲ್ಲಿ ಅಳೆದೆವು. ಒಂದೊಂದೂ 80 ಎಂಎಲ್! ಮೂರು ಅಂತ ನಾನು ಹೇಳುತ್ತಿದ್ದೆ, ಉಳಿದವರು ಒಕ್ಕೊರಲಿನಿಂದ ನಾಲ್ಕು ಅಂದರು. ನಾಲ್ಕನೆಯದನ್ನು ನೀರೂ ಬೆರೆಸದೆ ರಾ ಹೊಡೆದೆನಂತೆ. ಎಲ್ಲ ಸೇರಿ ಸುಮಾರು 150 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚು ಕಡಿಮೆ 7ರಿಂದ 10 ಗ್ರಾಂ ಮಾತ್ರ. ಕಾಫಿ ಕುಡಿಯಲಿ, ತಣ್ಣೀರು ಸುರಿದುಕೊಳ್ಳಲಿ, ಅದು ಅವಸರ ಮಾಡುವುದಿಲ್ಲ. ಒಂದಷ್ಟು ವಾಂತಿಯಾಗಿ ಹೋಗಿದೆ ಅಂದುಕೊಂಡರೂ ಬೆಳಗ್ಗೆ ಏಳೂವರೆಗೆ ನಾನು ಬೈಕ್ ಹತ್ತಿದ್ದರೆ ಕುಡಿದೇ ಹತ್ತಿದಂತಾಗುತ್ತಿತ್ತು. ನಿದ್ದೆ ಮಾಡಿ ಎದ್ದವನಿಗೆ ಇದು ಹೊಳೆಯುವುದೇ ಇಲ್ಲ.

ಆ ಬೆಳಗ್ಗೆ "ನಾಲ್ಕನೆಯವನೆಲ್ಲಿ?" ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಬಿಡು ಮಾರಾಯ, ಆಮೇಲೆ ಮಾತಾಡೋಣ."

ಬಿಡಲಿಲ್ಲ ನಾನು. ಸೋಡಾದವನು ನಿಧಾನವಾಗಿ, ಒಂದೊಂದೇ ತುಂಡು ಎತ್ತಿ ಕೊಟ್ಟ. ಹತ್ತು ಗಂಟೆಯಿಂದ ಹನ್ನೊಂದೂವರೆವರೆಗೆ ನಾನು ಎಚ್ಚರವಾಗೇ ಇದ್ದೆ. ಹಾಡಿದೆ. ಬಾಲ್ಕನಿಗೆ ಹೋಗಿ ಬಂದೆ. ರಾಜಕೀಯ ಮಾತಾಡಿದೆ, ಅದೂ ಸುಮಾರಾಗಿ ಸರಿಯಾಗೇ ಮಾತಾಡಿದೆನಂತೆ. ನೋಡಿದವರಿಗೆ ಕುಡಿದಿದ್ದಾನೆ ಅನ್ನಿಸಿತೇ ಹೊರತು ಇವನು ಇಲ್ಲಿ ಇಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲ.

ಬ್ಲ್ಯಾಕೌಟ್ ಅಂದರೆ ಎಚ್ಚರ ತಪ್ಪಿ ಬೀಳುವುದು ಅಂತ ನಾನು ತಿಳಿದಿದ್ದೆ. ಅದು ಬೇರೆ, ಇದು ಬೇರೆ. ರಕ್ತದಲ್ಲಿ ಮದ್ಯ ಬೇಗ ಏರಿದಾಗ ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಆಗುತ್ತಿರುವುದನ್ನು ನೆನಪಾಗಿ ಬರೆದಿಡುವ ಕೆಲಸ ನಿಲ್ಲಿಸುತ್ತದೆ. ಕಾಲು ನಡೆಯುತ್ತದೆ, ನಾಲಿಗೆ ಆಡುತ್ತದೆ, ಬರೆದುಕೊಳ್ಳುವ ಗುಮಾಸ್ತ ಮಾತ್ರ ಎದ್ದು ಹೋಗಿರುತ್ತಾನೆ. ಆದ್ದರಿಂದ ಆ ಒಂದೂವರೆ ಗಂಟೆಯನ್ನು ನಾನು ಮರೆತಿದ್ದೇನೆ ಅನ್ನುವುದೂ ತಪ್ಪು. ಮರೆಯಲು ಮೊದಲು ಇರಬೇಕಲ್ಲ. ಎಷ್ಟು ತಲೆ ಕೆರೆದುಕೊಂಡರೂ ಅದು ಬರುವುದಿಲ್ಲ, ಅದು ಎಲ್ಲೂ ಇಲ್ಲ.

ಆ ನಾಲ್ಕನೇ ಗೆಳೆಯ ಎರಡು ತಿಂಗಳ ಹಿಂದೆ ಕೆಲಸ ಕಳೆದುಕೊಂಡಿದ್ದ. ಅದನ್ನು ನನಗೊಬ್ಬನಿಗೇ ಹೇಳಿದ್ದ. ಮನೆಯಲ್ಲಿ ಹೇಳಿರಲಿಲ್ಲ, ಬೆಳಗ್ಗೆ ಬ್ಯಾಗು ಹಾಕಿಕೊಂಡು ಹೊರಟು ಸಂಜೆಯವರೆಗೆ ಲೈಬ್ರರಿಯಲ್ಲಿ ಕೂತಿದ್ದು ಬರುತ್ತಿದ್ದ. ಅದನ್ನು ಹೇಳುವಾಗ ನೆಲ ನೋಡುತ್ತಿದ್ದ. ನಾನು ಅವನ ಭುಜ ಹಿಡಿದು "ಯಾರಿಗೂ ಹೇಳಲ್ಲ" ಅಂದಿದ್ದೆ.

ಹನ್ನೊಂದರ ಹೊತ್ತಿಗೆ ಅವನು "ನಾಳೆ ಬೆಳಗ್ಗೆ ಬೇಗ ಏಳ್ಬೇಕು, ಹೊರಡ್ತೀನಿ" ಅಂದನಂತೆ. ನಾನು ಗ್ಲಾಸು ಎತ್ತಿ "ಎಲ್ಲಿಗಪ್ಪಾ, ಲೈಬ್ರರಿಗಾ?" ಅಂದೆನಂತೆ. ಯಾರಿಗೂ ಅರ್ಥವಾಗದಿದ್ದಾಗ ಬಿಡಿಸಿ ಹೇಳಿದೆನಂತೆ. ಬ್ಯಾಗಿನ ವಿಷಯವನ್ನೂ.

"ನಗ್ತಾ ಹೇಳ್ದೆ" ಅಂದ ಸೋಡಾದವನು. ಸ್ವಲ್ಪ ಹೊತ್ತು ಬಿಟ್ಟು, "ಅವನೂ ನಕ್ಕ" ಅಂದ.

ಅದಾದ ಮೇಲೆ ನಾನು ವಾಂತಿ ಮಾಡಿಕೊಂಡು ಕುಸಿದದ್ದು, ಇಬ್ಬರೂ ಸೇರಿ ಅಂಗಿ ಬದಲಿಸಿದ್ದು. ಕುಡಿದು ಬಿದ್ದವನನ್ನು ಅಂಗಾತ ಮಲಗಿಸಬಾರದು ಅಂತ ಸೋಡಾದವನಿಗೆ ತಿಳಿದಿತ್ತು. ಅಮಲಿನಲ್ಲಿ ಗಂಟಲಿನ ಎಚ್ಚರ ಮಂಕಾಗಿರುತ್ತದೆ, ವಾಂತಿ ಬಂದರೆ ಕೆಮ್ಮಿ ಹೊರಹಾಕಲಾರದೆ ಉಸಿರಿನ ದಾರಿಗೇ ಹೋಗಬಹುದು. ಜನ ಸಾಯುವುದು ಹಾಗೆ. ಅದಕ್ಕೇ ಮಗ್ಗುಲು, ಅದಕ್ಕೇ ಹೊರಳದಂತೆ ದಿಂಬು. ರಾತ್ರಿಯಿಡೀ ಅವನು ಫೋನಿನ ಗಡಿಯಾರ ನೋಡುತ್ತಾ ನನ್ನ ಉಸಿರು ಎಣಿಸಿದ್ದಾನೆ. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಅಥವಾ ಅಲುಗಾಡಿಸಿದರೂ ಏಳದಿದ್ದರೆ ಆಂಬುಲೆನ್ಸ್ ಕರೆಯುವುದು ಅಂತ ಇಬ್ಬರೂ ತೀರ್ಮಾನ ಮಾಡಿಕೊಂಡಿದ್ದರಂತೆ. ಇಷ್ಟು ವರ್ಷ ನಾನು "ಹಾಲು ಕುಡಿಯೋ ಪಾಪು" ಅಂತ ಕರೆಯುತ್ತಿದ್ದದ್ದು ಇವನನ್ನು.

ಮೂರು ದಿನ ಬಿಟ್ಟು ಧೈರ್ಯ ತಂದುಕೊಂಡು ನಾಲ್ಕನೆಯವನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ಏನು ಹೇಳಿದೆ ಅಂತ ನೆನಪೇ ಇಲ್ಲದ ಮಾತಿಗೆ ಕ್ಷಮೆ ಕೇಳುವುದು ವಿಚಿತ್ರ, ಬೇರೆ ಯಾರದೋ ಪರವಾಗಿ ಕೇಳಿದ ಹಾಗಿರುತ್ತದೆ. ಅವನು "ಅಯ್ಯೋ ಬಿಡೋ, ಕುಡಿದಾಗ ಆಗುತ್ತೆ" ಅಂದ.

ಎರಡು ತಿಂಗಳು ಮುಟ್ಟಲಿಲ್ಲ. ಆಮೇಲೆ ಕುಡಿದಾಗ ಅಳೆದು ಕುಡಿದೆ, ಉಂಡು ಕುಡಿದೆ, ಹೊತ್ತು ಬರೆದಿಟ್ಟುಕೊಂಡೆ. ಗೆಳೆಯರು ನಕ್ಕರು. ನಗಲಿ. ಹಾಗೆ ನೋಡುತ್ತಾ ಹೋದಾಗ ನನಗೆ ಗೊತ್ತಾದದ್ದು ಇಷ್ಟು: ಎರಡು ಗಂಟೆಯಲ್ಲಿ ಒಂದು ಲಾರ್ಜ್‌ವರೆಗೆ ನಾನು ನಾನೇ. ಅದರ ಮೇಲೆ ಹೋದರೆ ಮೊದಲು ಕೆಡುವುದು ಕಾಲಲ್ಲ, ಕಿವಿ. ಎದುರಿನವರ ಮಾತು ಮುಗಿಯುವುದನ್ನು ಕಾಯುವುದಿಲ್ಲ, ನನ್ನ ದನಿ ನನಗೇ ಇಂಪಾಗಿ ಕೇಳತೊಡಗುತ್ತದೆ, ನಾನು ಆಡಿದ ಜೋಕಿಗೆ ನಾನೇ ಮೊದಲು ನಗುತ್ತೇನೆ. ಅಲ್ಲಿಗೆ ಗ್ಲಾಸು ಕೆಳಗಿಡಬೇಕು. ಆದರೆ "ಇಡಬೇಕಾ ಬೇಡವಾ" ಅಂತ ಯೋಚಿಸಬೇಕಾದ ಮಿದುಳೇ ಆಗ ಮದ್ಯದ ಪಕ್ಷ ಸೇರಿಬಿಟ್ಟಿರುತ್ತದೆ. ಆದ್ದರಿಂದ ಎಷ್ಟು ಅನ್ನುವುದನ್ನು ಮನೆ ಬಿಡುವ ಮೊದಲೇ, ಚಪ್ಪಲಿ ಹಾಕಿಕೊಳ್ಳುವಾಗಲೇ ತೀರ್ಮಾನಿಸುತ್ತೇನೆ. ನಿದ್ದೆಗೆಟ್ಟ ದಿನ, ಮಾತ್ರೆ ನುಂಗುತ್ತಿರುವ ದಿನ ಅದು ಸೊನ್ನೆ.

ಈ ಮಿತಿ ನನ್ನ ಮಾನದ ಮಿತಿ, ಆರೋಗ್ಯದ್ದಲ್ಲ. ಆರೋಗ್ಯದ ಲೆಕ್ಕ ಕೇಳಿದರೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿಯೇ ಹೇಳಿದೆ, ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಅಂತ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಮದ್ಯ ಸೇರಿದ್ದು 1988ರಲ್ಲೇ. ಒಂದು ಪೆಗ್ ಹೃದಯಕ್ಕೆ ಒಳ್ಳೆಯದು ಅಂತ ಹೇಳಿಕೊಂಡು ನಾನಂತೂ ಕುಡಿಯುವುದಿಲ್ಲ. ಇಷ್ಟ, ಅದಕ್ಕೆ ಕುಡಿಯುತ್ತೇನೆ, ಅಷ್ಟೆ. ಅದೂ ಈಗೀಗ ಕಡಿಮೆ.

ಅಂದು ಬೆರಳಳತೆಯಲ್ಲಿ ಸುರಿದ ಮನೆಯವನ ಕಥೆ ಬೇರೆ. ಅವನಿಗೆ 'ಒಂದು' ಅನ್ನುವ ಸಂಖ್ಯೆಯೇ ಇರಲಿಲ್ಲ, ಒಂದಾದ ಮೇಲೆ ಬಾಟಲಿ ಮುಗಿಯಬೇಕಿತ್ತು. ಕಡೆಗೆ ಬೆಳಗ್ಗೆ ಕೈ ನಡುಗತೊಡಗಿತು. ಒಂದೇ ಸಲಕ್ಕೆ ಬಿಟ್ಟುಬಿಡುತ್ತೇನೆ ಅಂತ ಹಟ ಹಿಡಿದಾಗ ಡಾಕ್ಟರು ಗದರಿದರಂತೆ. ಅಷ್ಟು ಒಗ್ಗಿದ ದೇಹಕ್ಕೆ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಆಸ್ಪತ್ರೆಯಲ್ಲಿದ್ದು ಬಿಟ್ಟ. ಈಗ ಅವನೂ ಸೋಡಾ. ನಾವು ಸೇರಿದಾಗ ಎರಡು ಸೋಡಾ, ನನ್ನದೊಂದು ಗ್ಲಾಸು. ಸುರಿಯುವವನು ನಾನೇ.

ನಾಲ್ಕನೆಯವನೂ ಬರುತ್ತಾನೆ, ಯಾವಾಗಲೋ ಒಮ್ಮೆ. ಅವನಿಗೆ ಬೇರೆ ಕೆಲಸ ಸಿಕ್ಕಿ ವರ್ಷಗಳಾದವು. ನಗುತ್ತಾನೆ, ಬೆನ್ನಿಗೆ ಗುದ್ದುತ್ತಾನೆ. ಕಳೆದ ತಿಂಗಳು ಅವನ ಅಪ್ಪನಿಗೆ ಆಪರೇಷನ್ ಆಗಿತ್ತೆಂದು ಸೋಡಾದವನ ಬಾಯಿಂದ ತಿಳಿಯಿತು. ಆಗಿ ಹದಿನೈದು ದಿನವಾಗಿತ್ತು. ಕೂಡಲೇ ಫೋನ್ ಮಾಡಿದೆ.

"ಹೌದು ಕಣೋ, ಈಗ ಆರಾಮಾಗಿದ್ದಾರೆ" ಅಂದ. ಆಮೇಲೆ ನಿನ್ನೆಯ ಮ್ಯಾಚ್ ನೋಡಿದ್ಯಾ ಅಂತ ಕೇಳಿದ.