ಅಷ್ಟು ಸಣ್ಣ ಅಂತರ ಯಾರಿಗೆ ಕೇಳಿಸುತ್ತೆ?

ಪಿಯಾನೋದ 12 ಸ್ವರಗಳನ್ನು ಬಿಟ್ಟು ಬೇರೆ ಟ್ಯೂನಿಂಗ್‌ಗಳಲ್ಲಿ ಸಂಗೀತ ಮಾಡುತ್ತೇನೆ ಎಂದ ತಕ್ಷಣ ನನಗೆ ಬರುವ ಪ್ರಶ್ನೆ ಒಂದೇ. "ಕಾಮಾ, ಸೆಂಟ್ಸ್ ಅಂತ ಇಷ್ಟೆಲ್ಲ ಲೆಕ್ಕ ಹಾಕ್ತೀರಲ್ಲ, ಅಷ್ಟು ಸಣ್ಣ ವ್ಯತ್ಯಾಸ ಯಾರಿಗಾದರೂ ಕೇಳಿಸುತ್ತಾ? ಕೇಳಿಸದೇ ಇದ್ದರೆ ಯಾಕೆ ಬೇಕು?"

ಕೇಳಬೇಕಾದ ಪ್ರಶ್ನೆಯೇ ಇದು. (ಕಾಮಾ ಎಂದರೆ ಸ್ವರಗಳ ಲೆಕ್ಕದಲ್ಲಿ ಉಳಿದುಬಿಡುವ ಸಣ್ಣ ಅಂತರ, ಸೆಂಟ್ಸ್ ಎಂದರೆ ಸ್ವರಗಳ ಅಂತರದ ಅಳತೆ.) ಕೇಳಿಸುತ್ತದೆ ಎಂದು ತೋರಿಸುವುದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಆದರೆ ನನ್ನ ನಿಜವಾದ ಉತ್ತರ ಆಮೇಲೆ ಬರುತ್ತದೆ. ಸಣ್ಣ ಅಂತರ ಕಿವಿಗೆ ಸಿಗದಿದ್ದರೂ ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋಗಬಹುದು ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಅಳತೆಯ ವಿಷಯ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಸ್ಥಾಯಿಗೆ 1200 ಸೆಂಟ್ಸ್. ಪಿಯಾನೋದ ಅಕ್ಕಪಕ್ಕದ ಎರಡು ಕೀಗಳ ನಡುವೆ 100. ಈ ಅಳತೆಯನ್ನು 19ನೇ ಶತಮಾನದ ಕೊನೆಯಲ್ಲಿ ಅಲೆಕ್ಸಾಂಡರ್ ಎಲ್ಲಿಸ್ ಬಳಕೆಗೆ ತಂದರು.

ಈಗ ಕಿವಿಯ ವಿಷಯ. ಒಂದಾದ ಮೇಲೆ ಒಂದು ಸ್ವರ ನುಡಿಸಿದರೆ 2 ಸೆಂಟ್ಸ್ ವ್ಯತ್ಯಾಸ ನನಗೂ ತಿಳಿಯುವುದಿಲ್ಲ. ಎರಡು ಸ್ವರ ಒಟ್ಟಿಗೆ ಮೊಳಗಿದಾಗ ಕಥೆಯೇ ಬೇರೆ. 440 ಹರ್ಟ್ಸ್ ಅನ್ನು ಸ ಎಂದುಕೊಳ್ಳಿ. ಅದರ ಶುದ್ಧ ಪಂಚಮ, ಅಂದರೆ 3/2 ಎಂಬ ಸರಳ ಅನುಪಾತದ್ದು, 660. ಪಿಯಾನೋದ ಪಂಚಮ 659.26, ಅಂದರೆ 2 ಸೆಂಟ್ಸ್ ಮಾತ್ರ ಕಡಿಮೆ. ಆದರೆ ಪ್ರತಿ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು ಹರ್ಟ್ಸ್‌ನ ಹಾರ್ಮೋನಿಕ್‌ಗಳೂ ಮೊಳಗುತ್ತವೆ. 440ರ ಮೂರನೇ ಹಾರ್ಮೋನಿಕ್ 1320ರಲ್ಲಿದೆ, 659.26ರ ಎರಡನೇ ಹಾರ್ಮೋನಿಕ್ ಸುಮಾರು 1318.5ರಲ್ಲಿದೆ. ಎರಡೂ ಒಂದಕ್ಕೊಂದು ತಾಗಿ, ದನಿ ಸೆಕೆಂಡಿಗೆ ಒಂದೂವರೆ ಸಲ ಏರಿಳಿಯುತ್ತದೆ. ಇದೇ ಬೀಟ್ಸ್. ಪಿಯಾನೋ ಟ್ಯೂನ್ ಮಾಡುವವರು ಎಣಿಸುವುದು ಇದನ್ನೇ. ಗಾಂಧಾರಕ್ಕೆ ಬಂದರೆ ಇನ್ನೂ ಜೋರು. ಶುದ್ಧ ಅಂತರ ಗಾಂಧಾರ 550 ಹರ್ಟ್ಸ್, ಪಿಯಾನೋದ್ದು 554.37. ಸುಮಾರು 14 ಸೆಂಟ್ಸ್ ಜಾಸ್ತಿ. ಇಲ್ಲಿ ಬೀಟ್ಸ್ ಸೆಕೆಂಡಿಗೆ 17ಕ್ಕೂ ಹೆಚ್ಚು. ಹಾರ್ಮೋನಿಕ್ಸ್ ಚೆನ್ನಾಗಿರುವ ದನಿಯಲ್ಲಿ, ಉದಾಹರಣೆಗೆ ಆರ್ಗನ್‌ನಲ್ಲಿ, ಎರಡನ್ನೂ ಪಕ್ಕಪಕ್ಕ ನುಡಿಸಿ ನೋಡಿ. ಒಂದು ಸುಮ್ನೆ ನಿಲ್ಲುತ್ತದೆ, ಇನ್ನೊಂದು ನಡುಗುತ್ತದೆ. ಇದಕ್ಕೆ ತರಬೇತಿ ಪಡೆದ ಕಿವಿ ಬೇಕಾಗಿಲ್ಲ.

ಇನ್ನು ನನಗೆ ಮುಖ್ಯ ಅನಿಸುವ ಭಾಗ. ಇದಕ್ಕೆ ಒಂದು ಚಿಕ್ಕ ಸುತ್ತು ಹಾಕಿ ನೋಡೋಣ, ಪ್ರತಿ ಹೆಜ್ಜೆಯೂ ಶುದ್ಧವಾಗಿರಲಿ. ಸ 240 ಹರ್ಟ್ಸ್. ಅಲ್ಲಿಂದ 5/3 ಮೇಲೆ ಹೋದರೆ, ಅಂದರೆ 240 ಅನ್ನು 5/3ರಿಂದ ಗುಣಿಸಿದರೆ, ಧ, 400. ಆ ಧ ಯಾವ ಸ್ವರಕ್ಕೆ ಪಂಚಮವೋ ಅಲ್ಲಿಗೆ ಇಳಿಯೋಣ: ರಿ, 266.67. ಆ ರಿಗೆ ಮಧ್ಯಮವಾಗುವ ಸ್ವರ, ಅಂದರೆ 4/3 ಮೇಲೆ: ಪ, 355.56. ಆ ಪ ಯಾವುದಕ್ಕೆ ಪಂಚಮವೋ ಅಲ್ಲಿಗೆ ಇಳಿದರೆ ಮತ್ತೆ ಸ ಬರಬೇಕು, ಅಲ್ವಾ? ಬರುವುದು 237.04.

ಎಲ್ಲೂ ತಪ್ಪಿಲ್ಲ. ಪ್ರತಿ ಹೆಜ್ಜೆಯೂ ಬೀಟ್ಸ್ ಇಲ್ಲದ ಶುದ್ಧ ಅಂತರವೇ. ಆದರೂ ಸ ಕೆಳಗಿಳಿಯಿತು. 240ಕ್ಕೂ 237.04ಕ್ಕೂ ಇರುವ ಅನುಪಾತ 81/80, ಅಂದರೆ 21.5 ಸೆಂಟ್ಸ್. ಇದನ್ನೇ ಸಿಂಟಾನಿಕ್ ಕಾಮಾ ಎನ್ನುತ್ತಾರೆ. ಇದೇ ಸುತ್ತನ್ನು ಐದು ಸಲ ಹಾಕಿದರೆ ಪಿಯಾನೋದ ಒಂದು ಕೀಗಿಂತ ಜಾಸ್ತಿ ಇಳಿದಿರುತ್ತೀರಿ. 16ನೇ ಶತಮಾನದಲ್ಲೇ ಇಟಲಿಯ ಬೆನೆಡೆಟ್ಟಿ ಎಂಬ ಗಣಿತಜ್ಞ ಇಂಥದ್ದೇ ಉದಾಹರಣೆಗಳನ್ನು ಸಂಗೀತಗಾರ ಚಿಪ್ರಿಯಾನೋ ದೆ ರೋರೆಗೆ ಪತ್ರದಲ್ಲಿ ಬರೆದು ಕಳಿಸಿದ್ದರು. ಹಾಡುವವರು ಶುದ್ಧವಾಗಿ ಹಾಡಿದಷ್ಟೂ ಶ್ರುತಿ ಜಾರುತ್ತದೆ ಎಂದು ಅವರು ತೋರಿಸಿದ ರೀತಿ ನನಗೆ ಈಗಲೂ ರೋಮಾಂಚನ ತರುತ್ತದೆ.

ಹಾಗಾದರೆ ಕೀಬೋರ್ಡ್ ಮಾಡುವವರು ಏನು ಮಾಡಬೇಕು? ಜಾರುವ ಸ ಅವರಿಗೆ ಬೇಡ. ಆ 21.5 ಸೆಂಟ್ಸ್ ಅನ್ನು ಒಡೆದು ಬೇರೆ ಬೇರೆ ಸ್ವರಗಳಿಗೆ ಹಂಚಬೇಕು. ಟೆಂಪರಮೆಂಟ್ ಎಂದರೆ ಈ ಹಂಚಿಕೆ. ಪ್ರತಿ ಪಂಚಮದಿಂದ ಕಾಮಾದ ನಾಲ್ಕನೇ ಒಂದು ಭಾಗ, ಅಂದರೆ 5.4 ಸೆಂಟ್ಸ್, ಕಡಿಮೆ ಮಾಡಿದರೆ ನಾಲ್ಕು ಪಂಚಮಗಳು ಸೇರಿ ಸರಿಯಾಗಿ ಶುದ್ಧ ಅಂತರ ಗಾಂಧಾರಕ್ಕೆ ಬರುತ್ತವೆ. ಪಿಯೆತ್ರೋ ಆರೋನ್ 1523ರಲ್ಲಿ ವಿವರಿಸಿದ ಮೀನ್‌ಟೋನ್ ಇದು. ಆ ಗಾಂಧಾರಗಳು ತುಂಬಾ ಸೊಗಸು. ಬೆಲೆ ಎಲ್ಲಿ ತೆರಬೇಕು ಎಂದರೆ, 12 ಕೀಗಳ ಕೊನೆಯ ಪಂಚಮದಲ್ಲಿ. ಅದು 737.6 ಸೆಂಟ್ಸ್‌ಗೆ ಹಿಗ್ಗಿ ಊಳಿಡುತ್ತದೆ. ಅದಕ್ಕೇ ಅದನ್ನು ತೋಳ ಎಂದು ಕರೆದರು.

ಇಂದಿನ ಪಿಯಾನೋದ ಸಮ ಹಂಚಿಕೆ ಎಲ್ಲ ಪಂಚಮಗಳನ್ನೂ 700 ಮಾಡಿ ತೋಳವನ್ನು ಓಡಿಸಿತು. ಚೀನಾದ ಜೂ ಝೈಯು 1584ರಷ್ಟು ಹಿಂದೆಯೇ ಇದರ ಲೆಕ್ಕವನ್ನು ನಿಖರವಾಗಿ ಮಾಡಿದ್ದರು. ಒಳ್ಳೆಯ ಪರಿಹಾರ, ಒಪ್ಪುತ್ತೇನೆ. ಆದರೆ ಅದೊಂದೇ ಸರಿ, ಉಳಿದದ್ದೆಲ್ಲ ಅಪಸ್ವರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಯಾಕೆಂದರೆ ಸ್ಥಾಯಿಯನ್ನು 12 ಭಾಗ ಮಾಡಲೇಬೇಕೆಂದಿಲ್ಲ. 31 ಸಮ ಭಾಗ ಮಾಡಿದರೆ ಗಾಂಧಾರ ಶುದ್ಧಕ್ಕಿಂತ 1 ಸೆಂಟ್ ಕೂಡ ದೂರ ಇರುವುದಿಲ್ಲ. 17ನೇ ಶತಮಾನದಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಇದನ್ನು ಲೆಕ್ಕ ಹಾಕಿದ್ದರು. ಅದೇ ಆಧಾರದ ಮೇಲೆ ಭೌತವಿಜ್ಞಾನಿ ಆಡ್ರಿಯಾನ್ ಫೋಕರ್ 31 ಸ್ವರಗಳ ಆರ್ಗನ್ ಮಾಡಿಸಿದರು, ಅದು 1950ರಲ್ಲಿ ಸಿದ್ಧವಾಯಿತು. 53 ಭಾಗ ಮಾಡಿದರೆ ಪಂಚಮದ ತಪ್ಪು 1 ಸೆಂಟ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆದರೆ 53ರಲ್ಲಿ ಕಾಮಾ ಮಾಯವಾಗುವುದಿಲ್ಲ, ಒಂದು ಹೆಜ್ಜೆಯಾಗಿ ಉಳಿಯುತ್ತದೆ. ಮೇಲಿನ ಸುತ್ತನ್ನು 12, 19 ಅಥವಾ 31ರಲ್ಲಿ ನುಡಿಸಿದರೆ ಸ ತನ್ನ ಜಾಗಕ್ಕೇ ಬರುತ್ತದೆ. 53ರಲ್ಲಿ ನುಡಿಸಿದರೆ ಪ್ರತಿ ಸಲವೂ ಒಂದು ಹೆಜ್ಜೆ ಕೆಳಗಿಳಿಯುತ್ತದೆ. ಹಾಗಾಗಿ ಟ್ಯೂನಿಂಗ್ ಬಗ್ಗೆ ಮಾತು ಬಂದಾಗ ನಾನು ಮೊದಲು ಕೇಳುವುದು "ಎಷ್ಟು ಸ್ವರ?" ಎಂದಲ್ಲ, "ಯಾವ ಕಾಮಾ ಮಾಯವಾಗುತ್ತದೆ?" ಎಂದು.

ನನಗೆ ಅತಿ ಇಷ್ಟವಾದ ಸಣ್ಣ ಅಂತರದ ಹೆಸರು ಕ್ಲೈಸ್ಮಾ. ಅದು ಬರೀ 8.1 ಸೆಂಟ್ಸ್. 6/5 ಅನುಪಾತದ ಸಾಧಾರಣ ಗಾಂಧಾರವನ್ನು ಒಂದರ ಮೇಲೊಂದು ಆರು ಸಲ ಏರಿಸಿ. 1893.8 ಸೆಂಟ್ಸ್‌ಗೆ ತಲುಪುತ್ತೀರಿ. ಮೇಲಿನ ಸ್ಥಾಯಿಯ ಪ ಇರುವುದು 1902ರಲ್ಲಿ. ನಡುವೆ ಉಳಿದದ್ದು ಕ್ಲೈಸ್ಮಾ. 19 ಸಮ ಭಾಗಗಳಲ್ಲಿ ಅದು ಪೂರ್ತಿ ಮಾಯವಾಗುತ್ತದೆ. ಆರು ಏರಿದರೆ ಪ ಸಿಕ್ಕೇ ಸಿಗುತ್ತದೆ. ಇದನ್ನೇ ನಂಬಿ ಇಡೀ ರಚನೆ ಕಟ್ಟಬಹುದು. 19ರ ಪಂಚಮ 7 ಸೆಂಟ್ಸ್ ಕಡಿಮೆ, ಅದು ಕೊರತೆಯೇ. ಆದರೆ ಅದರ ಸಾಧಾರಣ ಗಾಂಧಾರ ಎಷ್ಟು ಶುದ್ಧವೆಂದರೆ ನಾನು ಆ ಪಂಚಮವನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

"19ರಲ್ಲಿ ಬರೆದದ್ದನ್ನು ಪಿಯಾನೋದಲ್ಲಿ ನುಡಿಸಿದರೆ ಏನಾಗುತ್ತೆ, ಸ್ವಲ್ಪ ಹೆಚ್ಚುಕಮ್ಮಿ ತಾನೇ?" ಎಂದು ಕೆಲವರು ಮತ್ತೆ ಕೇಳುತ್ತಾರೆ. ಅಲ್ಲಿ ಪ್ರತಿ ಸಾಧಾರಣ ಗಾಂಧಾರವೂ 300 ಸೆಂಟ್ಸ್. ಆರು ಏರಿದರೆ 1800. ಪ ಇರುವುದು 1900ರಲ್ಲಿ. 8 ಸೆಂಟ್ಸ್ ಇದ್ದ ಅಂತರ 100 ಸೆಂಟ್ಸ್ ಆಗಿ ಊದಿಕೊಂಡಿತು. ಪ ಬರಬೇಕಾದ ಜಾಗದಲ್ಲಿ ಪ್ರತಿಮಧ್ಯಮ, ಅಂದರೆ ಒಂದು ಕೀ ಕೆಳಗಿನ ಸ್ವರ, ಬಂದು ನಿಲ್ಲುತ್ತದೆ, ಅದು ಎಲ್ಲರಿಗೂ ಕೇಳಿಸುತ್ತದೆ.