ಕೇಳಿಸೋದಿಲ್ಲ ಅಂತ ಕೇಳುವವರಿಗೆ

‘ನೀವು ನುಡಿಸೋ ಬೇಸ್ ಗಿಟಾರ್ ಇದೆಯಲ್ಲ, ಅದು ನಿಜವಾಗಲೂ ಯಾರಿಗಾದರೂ ಕೇಳಿಸುತ್ತಾ?’ ಕೇಳುವವರೆಲ್ಲ ಒಳ್ಳೆಯವರೇ. ಮೊದಮೊದಲು ನಗುನಗುತ್ತಾ ವಿವರಿಸುತ್ತಿದ್ದೆ. ಈಗ ಬಾಯಿ ನೋಯುತ್ತದೆ. ಓದಿಕೊಳ್ಳಿ.

ಒಮ್ಮೆ ಕಾರ್ಯಕ್ರಮ ಮುಗಿಸಿ ಕೇಬಲ್ ಸುತ್ತುತ್ತಿದ್ದೆ. ಒಬ್ಬರು ಬಂದು ಫೋನಿನಲ್ಲಿ ಹಿಡಿದ ವಿಡಿಯೋ ತೋರಿಸಿದರು. ಗಾಯಕಿಯ ದನಿ ಇದೆ, ಗಿಟಾರ್ ಇದೆ, ಸಿಂಬಲ್ ಕಿವಿ ಕೊರೆಯುವಷ್ಟಿದೆ. ನನ್ನ ಬೆರಳುಗಳು ಓಡಾಡುತ್ತಿವೆ, ಸದ್ದೇ ಇಲ್ಲ. ‘ನೀವು ಸುಮ್ಮನೆ ಆ್ಯಕ್ಟಿಂಗ್ ಮಾಡ್ತಿದ್ರಾ?’ ಅಂದರು. ಸ್ವಾಮಿ, ನನ್ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರಕ್ಕೆ ಗಾಳಿ ತಳ್ಳುವ ತ್ರಾಣ ಉಗುರಗಲದ ಫೋನ್ ಸ್ಪೀಕರಿಗೆ ಎಲ್ಲಿಂದ ಬರಬೇಕು? (ಎರಡನೇ ಚರಣದಲ್ಲಿ ನಾನೊಂದು ಸ್ವರ ತಪ್ಪಿದ್ದೆ. ಅದೂ ಕೇಳಿಸಲಿಲ್ಲ. ಅಷ್ಟರಮಟ್ಟಿಗೆ ಫೋನಿಗೆ ಋಣಿ.)

ಇವರಿಗಿಂತ ಕಷ್ಟ ‘ಪಾಪ, ಎಲೆಮರೆಯ ಕಾಯಿ’ ಅನ್ನುವವರದು. ಕ್ವೀನ್ ಬ್ಯಾಂಡ್ ಅಂದರೆ ಅವರಿಗೆ ಗಾಯಕ ಫ್ರೆಡ್ಡಿ ಮರ್ಕ್ಯುರಿ, ಬಹಳವೆಂದರೆ ಗಿಟಾರಿಸ್ಟ್ ಬ್ರಯಾನ್ ಮೇ. ಅದೇ ಬ್ಯಾಂಡಿನ 1980ರ ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಹಾಡು ಗುನುಗಿ ಅನ್ನಿ. ಸಾಹಿತ್ಯ ಬಿಟ್ಟು ನೇರ ಡುಂ, ಡುಂ, ಡುಂ ಅಂತ ಶುರು ಮಾಡುತ್ತಾರೆ. ಅದೇ ಬೇಸ್! ಹಾಡು ಬರೆದವನೂ ಬೇಸಿಸ್ಟ್ ಜಾನ್ ಡೀಕನ್. ಬೇಸನ್ನೇ ಗುನುಗಿ, ಬೇಸ್ ಕೇಳಿಸುತ್ತಾ ಅಂತ ನನ್ನನ್ನು ಕೇಳುತ್ತಾರೆ.

ಆಮೇಲೆ, ಎಲೆ ತಾನಾಗಿ ಅಡ್ಡ ಬರುವುದಿಲ್ಲ, ಯಾರೋ ತಂದು ಇಡುತ್ತಾರೆ. ಜೇಮ್ಸ್ ಜೇಮರ್ಸನ್ 1960ರ ದಶಕವಿಡೀ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಿಟ್‌ಗಳಿಗೆ ಬೇಸ್ ನುಡಿಸಿದ, ಅದೂ ಬಲಗೈಯ ಒಂದೇ ತೋರುಬೆರಳಲ್ಲಿ. ಆಲ್ಬಮ್ಮಿನ ಮೇಲೆ ಅವನ ಹೆಸರು ಅಚ್ಚಾಗಲು ಗಾಯಕ ಮಾರ್ವಿನ್ ಗೇಯ 1971ರ ಆಲ್ಬಮ್ ಬರಬೇಕಾಯಿತು. ಮೆಟಾಲಿಕಾ ಬ್ಯಾಂಡಿನ ಅಂದಿನ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್ ಕಥೆ ಇನ್ನೂ ಚೆನ್ನ: 1988ರ ಆಲ್ಬಮ್ಮಿನ ಮಿಕ್ಸಿಂಗ್‌ನಲ್ಲಿ ಅವನ ಬೇಸನ್ನು ಎಷ್ಟು ಇಳಿಸಿದರೆಂದರೆ, ಅಭಿಮಾನಿಗಳೇ ಅದನ್ನು ಮೇಲೆತ್ತಿ ತಮ್ಮದೇ ಆವೃತ್ತಿ ಮಾಡಿಕೊಂಡರು. ಅದಕ್ಕೂ ‘ಬೇಸ್ ಕೇಳಿಸಲ್ಲ’ ಅನ್ನುವುದಾದರೆ ನಾನು ನಿರುತ್ತರ.

ಕೇಳುವುದೇ ಆದರೆ ‘ಸ್ವರ ಎಲ್ಲಿ ನಿಲ್ಲಿಸುತ್ತೀರಿ?’ ಅಂತ ಕೇಳಬಾರದೇ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕಾಲಲ್ಲಿ ನುಡಿಸುವ ಕಿಕ್ ಡ್ರಮ್ಮಿನ ಏಟು ಬಿದ್ದ ಕ್ಷಣ ನನ್ನ ಸ್ವರ ಹುಟ್ಟುತ್ತದೆ, ಅದು ಎಲ್ಲರಿಗೂ ಗೊತ್ತು. ಕೋಲಿನಿಂದ ಬಾರಿಸುವ ಸ್ನೇರ್ ಡ್ರಮ್ಮಿನ ಮುಂದಿನ ಹೊಡೆತಕ್ಕೆ ಕೂದಲೆಳೆ ಮೊದಲು ಎಡಗೈ ಬೆರಳು ಸಡಿಲಿಸಬೇಕು. ತಂತಿ ಬಿಡಬಾರದು, ಒತ್ತಡ ಮಾತ್ರ ತೆಗೆಯಬೇಕು. ಆಗ ಸ್ನೇರ್ ಚಟ್ ಅಂತ ಸಿಡಿಯುತ್ತದೆ. ಸಡಿಲಿಸದಿದ್ದರೆ ಅದೇ ಹಾಡು ಒರಗಿಕೊಂಡು ನಡೆಯುತ್ತದೆ.

ಒಂದು ನಿಧಾನದ ಹಾಡಿಗೆ ನಾನೂ ಡ್ರಮ್ಮರೂ ಒಂದಿಡೀ ಸಂಜೆ ಆ ಕೂದಲೆಳೆಯ ಮೇಲೆ ಕೂತಿದ್ದೆವು. ಕೊನೆಗೆ ಬೆರಳು ಸಡಿಲಿಸದೆ ಸ್ವರವನ್ನು ಸ್ನೇರ್ ದಾಟಿಸಿ ಎಳೆದೆ. ಮರುದಿನ ಗಾಯಕಿ ಹಾಡು ಮುಗಿಸಿ ತಿರುಗಿ, ‘ಸ್ಪೀಡ್ ಕಡಿಮೆ ಮಾಡಿದ್ರಾ? ಹಾಡೋಕೆ ಜಾಗ ಸಿಕ್ತು’ ಅಂದಳು.

ಹಾಡಿನ ವೇಗ ಹಿಡಿದಿಡುವ ಮೆಟ್ರೊನೋಮ್ ನಿನ್ನೆಯ ಅಂಕಿಯಲ್ಲೇ ಇತ್ತು. ಡ್ರಮ್ಮರ್ ನನ್ನ ಮುಖ ನೋಡಿದ. ‘ಹ್ಞೂಂ, ಸ್ವಲ್ಪ’ ಅಂದೆ.