ಎಡಗೈಯ ಉಂಗುರ ಬೆರಳು

ಕೊಡಗಿನಲ್ಲಿ ಸಮ್ಮೇಳನದ ದಿನ ಗೊತ್ತುಮಾಡಬೇಕೆಂದರೆ ತೋಟದ ಕೆಲಸ ನೋಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕರೆಂಟಿನ ಭರವಸೆಯಿಲ್ಲ. ಅರೇಬಿಕಾ ಕಾಫಿಯ ಕೊಯ್ಲು ಹಿಡಿದರೆ ಅದರ ಬೆನ್ನಿಗೇ ರೋಬಸ್ಟಾ, ಫೆಬ್ರವರಿ ತನಕ ಯಾರಿಗೂ ಬಿಡುವಿಲ್ಲ. ತುಲಾ ಸಂಕ್ರಮಣಕ್ಕೆ ಜನ ತಲಕಾವೇರಿಯಲ್ಲಿರುತ್ತಾರೆ. ಹಾಗಾಗಿ ತಂತ್ರಜ್ಞಾನ ಮತ್ತು ಸಮಾಜದ ಮೇಲಿನ ಸಮ್ಮೇಳನ ಸರಣಿಯ ಮಡಿಕೇರಿ ಸಭೆ ಅಕ್ಟೋಬರ್ ಕೊನೆಯ ಭಾನುವಾರ ಕೂಡಿತು. ತೋಟದ ಲೈನ್‌ಮನೆಗಳಲ್ಲಿರುವ ಕೆಲಸಗಾರರಿಗೂ ಅಂದು ರಜೆ.

ಬೆಳಗಿನ ಗೋಷ್ಠಿ ಚರಿತ್ರೆಯದು. ಕಂಪ್ಯೂಟರ್, ಸ್ವಾತಂತ್ರ್ಯ, ಖಾಸಗಿತನ ಮೂರನ್ನೂ ಒಟ್ಟಿಗಿಟ್ಟು ಚರ್ಚಿಸುವ ಸಮ್ಮೇಳನ ಸರಣಿ ಕ್ಯಾಲಿಫೋರ್ನಿಯಾದಲ್ಲಿ 1991ರಲ್ಲೇ ಶುರುವಾಗಿತ್ತು. ನಮ್ಮಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎಂದಾಗ ಹಿಂದಿನ ಸಾಲಿನವರೂ ತಲೆಯೆತ್ತಿದರು.

ದಿನದ ತಿರುಳು ಇದ್ದದ್ದು ಮಧ್ಯಾಹ್ನ, ಬಾಗಿಲ ಬಳಿಯ ಮೇಜಿನಲ್ಲಿ. ರೇಷನ್‌ಗೆ ಬೆರಳಚ್ಚು ಏಕೆ ಹೊಂದುವುದಿಲ್ಲವೆಂದು ತೋರಿಸಲು ಅಲ್ಲಿ ಲ್ಯಾಪ್‌ಟಾಪ್‌ಗೆ ಹಚ್ಚಿದ ಸಾಮಾನ್ಯ ಬೆರಳಚ್ಚು ಯಂತ್ರವೊಂದಿತ್ತು. ಇಂಟರ್ನೆಟ್ ಜೋಡಿಸಿರಲಿಲ್ಲ, ಆಧಾರ್ ಸಂಖ್ಯೆ ಕೇಳುವಂತಿರಲಿಲ್ಲ, ಬಂದ ಚಿತ್ರವನ್ನು ಬೆರಳಿಟ್ಟವರೆದುರೇ ಅಳಿಸಬೇಕು. ಇಂಥ ಮೇಜು ಇಡುವವರು ಈ ಮೂರನ್ನೂ ತಪ್ಪಿಸಕೂಡದು.

ತೋಟದ ಕೆಲಸದ ಅಕ್ಕ ಒಬ್ಬರು ಹೆಬ್ಬೆಟ್ಟು ಒತ್ತಿದರು. ಪರದೆಯ ಮೇಲೆ ಬೂದು ಮಚ್ಚೆಯೊಂದು ಮೂಡಿತು, ನಡುವೆ ಎರಡು ಮೂರು ತುಂಡು ಗೆರೆ, ಅಷ್ಟೇ. ಈ ಯಂತ್ರದಲ್ಲಿ ಬೆರಳಿನ ಏಣು, ಅಂದರೆ ಉಬ್ಬಿದ ಗೆರೆ, ಗಾಜಿಗೆ ತಾಗಿದ ಕಡೆ ಕಪ್ಪು, ತಗ್ಗಿನಲ್ಲಿ ಗಾಳಿಯಿರುವ ಕಡೆ ಬಿಳಿ. ಕತ್ತಿ ಹಿಡಿದು ಕಳೆ ಕೊಚ್ಚಿದ ಕೈಯಲ್ಲಿ, ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಸುಣ್ಣ ತಿಂದ ಕೈಯಲ್ಲಿ ಏಣೇ ಸವೆದಿರುತ್ತದೆ. ಚರ್ಮ ಒಣಗಿದ್ದರೆ ಗೆರೆ ಚುಕ್ಕೆಚುಕ್ಕೆಯಾಗುತ್ತದೆ, ಒದ್ದೆಯಿದ್ದರೆ ತಗ್ಗಿನಲ್ಲೂ ನೀರು ನಿಂತು ಎಲ್ಲ ಕಲಸಿಹೋಗುತ್ತದೆ. ಮಳೆಗಾಲದಲ್ಲಿ ರೇಷನ್ ಕೊಡುವ ಸೊಸೈಟಿಯಲ್ಲಿ ಥಂಬ್ ಬರಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

“ಜೋರಾಗಿ ಒತ್ತಬೇಡಿ ಅಕ್ಕಾ, ಹಗುರಾಗಿ ಇಡಿ,” ಎಂದರು ಮೇಜಿನವರು. ಒತ್ತಿದಷ್ಟೂ ಏಣು ಚಪ್ಪಟೆಯಾಗುತ್ತದೆ, ಆದರೂ ರೇಷನ್ ಅಂಗಡಿಗಳಲ್ಲಿ ಬೆರಳು ಹಿಡಿದು ಅದುಮುವುದೇ ರೂಢಿ. ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಒಣಗಿದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪಸೆ ಆರಿದ ಮೇಲೆ ತುದಿಯನ್ನಲ್ಲ, ನಡುಭಾಗವನ್ನು ಇಡಬೇಕು. ಆಗಲೂ ಬಾರದಿದ್ದರೆ ಬೇರೆ ಬೆರಳು, ಆಮೇಲೆ ಕಣ್ಣು ಅಥವಾ ಓಟಿಪಿ. ಓಟಿಪಿಯ ತೊಡಕೇ ಬೇರೆ: ಆಧಾರ್‌ಗೆ ಜೋಡಿಸಿದ ನಂಬರ್ ಹಲವರದ್ದು ಹಳೆಯ ಮೇಸ್ತ್ರಿಯದ್ದೋ ದೂರದಲ್ಲಿರುವ ಮಗನದ್ದೋ ಆಗಿರುತ್ತದೆ. ಅಸ್ಸಾಮಿನಿಂದ ಬಂದ ಕೆಲಸಗಾರರಿಗಂತೂ ಊರಿನ ಸಿಮ್ ಎಂದೋ ಕೈಬಿಟ್ಟಿರುತ್ತದೆ. ನಂಬರ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು.

ಬೆರಳು ಹೊಂದಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಿಸಬಾರದೆಂದು ಆಧಾರ್ ಪ್ರಾಧಿಕಾರವೇ 2017ರಲ್ಲಿ ಸುತ್ತೋಲೆ ಹೊರಡಿಸಿದೆ. ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಮೇಜಿನ ಸುತ್ತ ಇದ್ದವರಿಗೆ ಅದು ಹೊಸ ಸುದ್ದಿ. ಬೆಳಗಿನ ಮೂರು ಭಾಷಣಗಳಲ್ಲಿ ಒಂದನ್ನು ಕಡಿಮೆ ಮಾಡಿ ಈ ಓದಿಗೇ ಸಮಯ ಕೊಡಬೇಕಿತ್ತು.

ಅಕ್ಕ ಹತ್ತೂ ಬೆರಳು ಇಟ್ಟು ನೋಡಿದರು. ಎಡಗೈಯ ಉಂಗುರ ಬೆರಳಿನಲ್ಲಿ ಗೆರೆಗಳು ಸುರುಳಿಯಾಗಿ ಸ್ಪಷ್ಟವಾಗಿ ಮೂಡಿದವು, ಕೆಲಸದಲ್ಲಿ ಕಡಿಮೆ ಸವೆದ ಬೆರಳದು. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯ ಹಿಂದೆ “ಎಡ ಉಂಗುರ” ಎಂದು ಬರೆಸಿಕೊಂಡು, ಸಂಜೆಯ ಬಸ್ಸಿಗೆ ಹೊರಟರು.